ಹೆಂಗೂ ಮೇಸ್ತ್ರಿ ಬಂದವ್ರೆ: ಹಳೇ ಮನೆ ರಿಪೇರಿ ಮುಗಿಸೋಕೆ ಹದಿನಾಲ್ಕು ಸೂತ್ರ

ಹಂಪಾಪುರದ ನಮ್ಮ ಮನೆಯ ಹಿತ್ತಿಲ ಗೋಡೆ ಬಿದ್ದದ್ದು 2019ರ ಆಗಸ್ಟ್ ಮಳೆಗೆ. ಕಬಿನಿ ತುಂಬಿ ಹರಿದ ದಿನಗಳು. ಅಜ್ಜನ ಕಾಲದ ಮಣ್ಣಿನ ಗೋಡೆ ಮೂರು ದಿನ ನೆನೆದು, ನಾಲ್ಕನೇ ರಾತ್ರಿ ಸದ್ದಿಲ್ಲದೆ ಕೂತುಬಿಟ್ಟಿತು. ಹದಿನೈದು ದಿನದ ಕೆಲಸ ಅಂದುಕೊಂಡೆವು. ಮುಗಿದದ್ದು 2024ರ ಮಾಘದಲ್ಲಿ.

ನಡುವೆ ಲಾಕ್‌ಡೌನ್ ಬಂತು, ಸಿಮೆಂಟು ಕಬ್ಬಿಣದ ರೇಟು ಏರಿತು, ಎಲ್ಲ ನಿಜ. ಆದರೆ ನಾಲ್ಕೂವರೆ ವರ್ಷ ತಿಂದದ್ದು ಅವಲ್ಲ. ಮನೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಒಂದೇ ಒಂದು ಮಾತು: "ಹೆಂಗೂ ಮೇಸ್ತ್ರಿ ಬಂದವ್ರೆ, ಅದ್ನೂ ಮಾಡುಸ್ಬುಡವ." ಗೋಡೆ ಕಟ್ಟೋಕೆ ಬಂದವರು ಬಚ್ಚಲು ಕಿತ್ತರು. ಬಚ್ಚಲು ಎತ್ತರವಾದ ಮೇಲೆ ಅಡುಗೆಮನೆ ಗುಂಡಿಯ ಹಾಗೆ ಕಂಡಿತು. ಅಡುಗೆಮನೆ ಏರಿಸಿದ ಮೇಲೆ ಅದರ ಸೂರು ತಲೆಗೆ ತಾಗತೊಡಗಿತು. ಸೂರು ಬಿಚ್ಚಿದ ಮೇಲೆ ಕೇಳಬೇಡಿ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದ ಗಾದೆ, ಒಳಗೇ ಸಂಸಾರ ಇಟ್ಟುಕೊಂಡು ಅದೇ ಮನೆ ಕಿತ್ತು ಕಟ್ಟುವವರ ಪಾಡಿನ ಬಗ್ಗೆ ಏನೂ ಹೇಳಿಲ್ಲ. ಕೆಳಗಿನವುಗಳಲ್ಲಿ ಕೆಲವು ನಾವು ಪಾಲಿಸಿದ್ದು, ಉಳಿದವು ಪಾಲಿಸದೆ ದುಡ್ಡು ಕೊಟ್ಟು ಕಲಿತದ್ದು.

1. ಕೆಲಸದ ಪಟ್ಟಿಗೆ ಮೊದಲು ‘ಈಗ ಬೇಡ’ ಪಟ್ಟಿ ಬರೆಯಿರಿ.

ನಾವು ಇದನ್ನು ಮಾಡಿದ್ದು ನಾಲ್ಕನೇ ವರ್ಷದಲ್ಲಿ, ಅದೂ ಅತ್ತಿಗೆಯ ಸಿಟ್ಟಿನಿಂದ. ಒಂದು ಸಂಜೆ ಆಕೆ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ನಡುವೆ ಗೆರೆ ಎಳೆದರು. ಎಡಗಡೆ ಒಂಬತ್ತು ಕೆಲಸ. ಬಲಗಡೆ ಪೋರ್ಟಿಕೊ, ಮಹಡಿ ರೂಮು, ಕಾಂಪೌಂಡು, ಇನ್ನೂ ಕೊಂಡೇ ಇಲ್ಲದ ಕಾರಿಗೆ ಶೆಡ್ಡು. ಹಾಳೆಯನ್ನು ರಾಗಿ ಡ್ರಮ್ಮಿಗೆ ಅಂಟಿಸಿದರು. ಯಾರಿಗೆ ಯಾವ ಹೊಸ ಐಡಿಯಾ ಹೊಳೆದರೂ ಅದು ಬಲಗಡೆಗೆ. ಬಲದಿಂದ ಎಡಕ್ಕೆ ಬರಬೇಕಾದರೆ ಎಡಗಡೆಯಲ್ಲಿ ಒಂದು ಕೆಲಸ ಮುಗಿದು ಗೆರೆ ಬಿದ್ದಿರಬೇಕು. ಅಮ್ಮನ ತುಳಸಿಕಟ್ಟೆಯ ಗ್ರಾನೈಟು ಬಲಕ್ಕೆ ಹೋದ ದಿನ ಮನೆಯಲ್ಲಿ ಯಾರಿಗೂ ಬಿಸಿ ಸಾರು ಸಿಗಲಿಲ್ಲ. ಪರವಾಗಿಲ್ಲ. ಅಲ್ಲಿಂದ ಮುಂದೆ ಹದಿನಾಲ್ಕು ತಿಂಗಳಲ್ಲಿ ಮನೆ ಮುಗಿಯಿತು.

2. ಪಾಯಕ್ಕೆ ಮೊದಲು ಪಂಚಾಯಿತಿ.

ನಮ್ಮ ಜಾಗ, ನಮ್ಮ ಮನೆ, ಯಾರನ್ನ ಕೇಳೋದು ಅನ್ನುವುದು ಹಳ್ಳಿಯ ರೂಢಿ. ಆದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಹೊಸ ಕಟ್ಟಡಕ್ಕಷ್ಟೇ ಅಲ್ಲ, ಇರುವುದನ್ನು ಬದಲಾಯಿಸುವುದಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಕೇಳುತ್ತದೆ. ಇ-ಸ್ವತ್ತಿನಲ್ಲಿ ನಮೂನೆ 9 ಇಲ್ಲದಿದ್ದರೆ ಬ್ಯಾಂಕಿನ ಸಾಲವೂ ಸುಲಭಕ್ಕೆ ಇಲ್ಲ. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ಅದನ್ನು ಸರಿಮಾಡಿಸಿ, ಅತ್ತೆಯಂದಿರ ಸಹಿಯೂ ಸೇರಿ. ನಮ್ಮಲ್ಲಿ ಆ ಸಹಿಗೆ ಬೇಕಾದದ್ದು ಒಂದು ಹೋಳಿಗೆ ಊಟ ಮತ್ತು ಅಜ್ಜನ ನೆನಪಿನಲ್ಲಿ ಅರ್ಧ ದಿನದ ಅಳು.

3. ತೊಲೆಗೆ ಸುತ್ತಿಗೆ ತಟ್ಟಿ ಕಿವಿಗೊಡಿ.

ಹಳೇದೆಲ್ಲ ಚೆನ್ನ ಅನ್ನುವವರೂ ಹಳೇದೆಲ್ಲ ಕಸ ಅನ್ನುವವರೂ ಇಬ್ಬರೂ ದುಡ್ಡು ಕಳೆಯುತ್ತಾರೆ. ಕಂಬ, ತೊಲೆ, ಜಂತೆಗಳನ್ನು ಒಂದೊಂದಾಗಿ ತಟ್ಟುತ್ತ ಬನ್ನಿ. ಗಟ್ಟಿ ಮರ ಟಣ್ ಅನ್ನುತ್ತದೆ, ಗೆದ್ದಲು ತಿಂದದ್ದು ಡೊಬ್ ಅನ್ನುತ್ತದೆ. ಅನುಮಾನ ಬಂದ ಕಡೆ ಉದ್ದದ ಮೊಳೆ ಚುಚ್ಚಿ ನೋಡಿ. ಗೋಡೆಯೊಳಗೆ ಹುದುಗಿದ ತುದಿಗಳೇ ಮೊದಲು ಹೋಗುವುದು, ಅಲ್ಲೇ ನೋಡಿ. ನಮ್ಮ ಹಜಾರದ ಆರು ತೊಲೆಯಲ್ಲಿ ಎರಡೇ ಡೊಬ್ ಅಂದವು. ನಾಲ್ಕನ್ನು ಉಳಿಸಿಕೊಂಡೆವು. ಅವತ್ತು ಸುತ್ತಿಗೆ ಹಿಡಿಯದಿದ್ದರೆ ಆರನ್ನೂ ಸೌದೆ ಲೆಕ್ಕದಲ್ಲಿ ಮಾರಿಬಿಡುತ್ತಿದ್ದ ನಮ್ಮಣ್ಣ.

ಬಿಚ್ಚಿದ ಮಂಗಳೂರು ಹೆಂಚನ್ನೂ ಒಡೆದು ರಸ್ತೆ ಗುಂಡಿಗೆ ಸುರಿಯಬೇಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಲಾಗಾಯ್ತಿನಿಂದ ಈ ಹೆಂಚಿನ ಆಕಾರ ಹೆಚ್ಚೇನೂ ಬದಲಾಗಿಲ್ಲ. ಪಕ್ಕದ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇಂಥ ಹೆಂಚನ್ನೇ ಮೋಲ್ಡಿನೊಳಗೆ ಕೂರಿಸಿ ಮನೆಗಳನ್ನು ಕಟ್ಟಿದರು. ಮೋಲ್ಡಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ; ಅಲ್ಲಿನ ಕಾಂಕ್ರೀಟು ಸುಮ್ಮನೆ ಭಾರ. ಆ ಜಾಗದಲ್ಲಿ ಕಂಬಿಗಳ ನಡುವೆ ಹೆಂಚು ಇಟ್ಟರೆ ಕಾಂಕ್ರೀಟು ಉಳಿಯುತ್ತದೆ, ಸೂರಿನ ತೂಕ ಇಳಿಯುತ್ತದೆ, ಒಳಗೆ ಸ್ವಲ್ಪ ತಂಪು. ಕಂಬಿಯ ಲೆಕ್ಕ ಮಾತ್ರ ಎಂಜಿನಿಯರ್ ಹಾಕಿಕೊಡಬೇಕು. ಹಿತ್ತಿಲ ಕೋಣೆಗೆ ನಾವು ಹೀಗೇ ಮಾಡಿಸಿದೆವು. ಮಲಗಿ ಮೇಲೆ ನೋಡಿದರೆ ಅಜ್ಜನ ಹೆಂಚು ಈಗಲೂ ಕಾಣುತ್ತದೆ.

4. ಮಣ್ಣಿನ ಗೋಡೆಗೆ ಸಿಮೆಂಟು ಬಳಿಯಬೇಡಿ.

ಇಡೀ ಬರಹದಲ್ಲಿ ಒಂದೇ ಸೂತ್ರ ಓದುವುದಾದರೆ ಇದನ್ನು ಓದಿ. ನಮ್ಮ ಹಜಾರದ ಗೋಡೆಗೆ 2021ರ ಬೇಸಗೆಯಲ್ಲಿ ಸಿಮೆಂಟ್ ಗಿಲಾವು ಮಾಡಿಸಿದೆವು. ಕನ್ನಡಿಯಂಥ ನುಣುಪು. ಬೀದಿಯವರೆಲ್ಲ ಬಂದು ಕೈಯಾಡಿಸಿ ಹೋದರು. ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ನೆಲದಿಂದ ಎರಡಡಿ ಮೇಲೆ ಗೋಡೆ ಹಪ್ಪಳದ ಹಾಗೆ ಉಬ್ಬಿತು. ಬೆರಳಲ್ಲಿ ಒತ್ತಿದರೆ ಒಳಗೆ ಟೊಳ್ಳು. ಅಪ್ಪ ಊರುಗೋಲಿನ ತುದಿಯಿಂದ ಒಮ್ಮೆ ಮೀಟಿದರು, ತಟ್ಟೆಯಷ್ಟಗಲದ ಚಕ್ಕೆ ಕಾಲ ಬುಡಕ್ಕೆ ಬಿತ್ತು. ಹಿಂದಿನ ಮಣ್ಣು ಒದ್ದೆ.

ಕಾರಣ ಸರಳ. ಮಣ್ಣಿನ ಗೋಡೆ ನೆಲದ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಹಚ್ಚಿದರೆ ಕುಡಿಯುವುದು ನಿಲ್ಲುವುದಿಲ್ಲ, ಬಿಡುವುದು ನಿಲ್ಲುತ್ತದೆ. ತೇವ ಒಳಗೇ ಕೂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಗಟ್ಟಿ ಸಿಮೆಂಟಿಗೂ ಮೆತ್ತನೆ ಮಣ್ಣಿಗೂ ಹಿಡಿತ ತಪ್ಪುತ್ತದೆ. ಸುಣ್ಣ-ಮರಳಿನ ಗಾರೆ ಅಥವಾ ಮಣ್ಣಿನ ಗಿಲಾವೇ ಅದಕ್ಕೆ ಸರಿ. ಈಗಿನ ಗಾರೆ ಹುಡುಗರಿಗೆ ಸುಣ್ಣ ಕಲೆಸುವುದು ಅಷ್ಟಾಗಿ ಬಾರದು. ವಯಸ್ಸಾದ ಒಬ್ಬರನ್ನು ಹುಡುಕಿ ಕರೆತಂದೆವು, ಕೂಲಿ ಒಂದೂವರೆ ಪಟ್ಟು. ಆದರೂ ಎರಡು ಸಲ ಗಿಲಾವು ಮಾಡಿಸಿದ್ದಕ್ಕಿಂತ ಅಗ್ಗ. ಅಮ್ಮ ಕೆಮ್ಮಣ್ಣು ಸಗಣಿ ಕಲೆಸುತ್ತ ಕೂತು, "ನಾನು ಯೋಳ್ದಾಗ ಯಾರ್ ಕೇಳುದ್ರಿ" ಅಂದಳು. ಆಕೆ ಆಗ ಹೇಳಿಯೇ ಇರಲಿಲ್ಲ. ನಾವು ವಾದಿಸಲಿಲ್ಲ.

ಇನ್ನೊಂದು: ಮಣ್ಣಿನ ಗೋಡೆಯ ಮೇಲೆ ನೇರವಾಗಿ ಮೋಲ್ಡ್ ಹಾಕುವ ಸಾಹಸ ಬೇಡ. ಮುಂದಿನ ಹಜಾರ ಹೆಂಚಿನಲ್ಲೇ ಇರಲಿ, ಹಿಂದಿನ ಹೊಸ ಭಾಗಕ್ಕೆ ಪಿಲ್ಲರ್ ಎಬ್ಬಿಸಿ. ಎರಡೂ ಸೇರುವ ಜಾಗದಲ್ಲಿ ಬಿರುಕು ಬಂದೇ ಬರುತ್ತದೆ. ಅಲ್ಲಿ ಗೋಡೆಗಳನ್ನು ಬೆಸೆಯದೆ ಸಂದು ಬಿಟ್ಟು, ಮೇಲೆ ತಗಡಿನ ದೋಣಿ ಹಾಕಿಸಿ.

5. ಎರೆ ಮಣ್ಣಾದರೆ ಗೊಚ್ಚು ಸಿಗುವ ತನಕ ಅಗೆಯಿರಿ.

ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಒಂದು ಹೊಲ ಕೆಂಪಾದರೆ ಪಕ್ಕದ್ದು ಕಪ್ಪು. ಹತ್ತಿಗೆ ಒಳ್ಳೆಯದಾದ ಎರೆ ಮಣ್ಣು ಮನೆಗೆ ಒಳ್ಳೆಯದಲ್ಲ. ಮಳೆಗೆ ಉಬ್ಬಿ, ಬೇಸಗೆಗೆ ಸೀಳಿ, ಗೋಡೆಯನ್ನೂ ತನ್ನ ಜೊತೆ ಎತ್ತಿ ಇಳಿಸುತ್ತದೆ. ಪಾಯವನ್ನು ನಾಲ್ಕಡಿಗೆ ನಿಲ್ಲಿಸೋಣ ಅಂದರೆ ಒಪ್ಪಬೇಡಿ.

6. ಬಿಡಾರ ಎಲ್ಲಿ ಅನ್ನುವುದು ಮೊದಲ ದಿನವೇ ತೀರ್ಮಾನವಾಗಲಿ.

ನಮ್ಮ ಜಿಲ್ಲೆಯ ಅತಿ ದೊಡ್ಡ ಮನೆಯ ಕತೆ ಕೇಳಿ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಮೈಸೂರಿನ ಮರದ ಅರಮನೆಗೆ ಬೆಂಕಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ರಾಜ್ಯ ನಡೆಸುತ್ತಿದ್ದವರು ತಾಯಿ, ವಾಣಿವಿಲಾಸ ಸನ್ನಿಧಾನ. ಹೊಸ ಅರಮನೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ವಹಿಸಿ, ಸಂಸಾರವನ್ನು 1861ರಲ್ಲಿ ಕಟ್ಟಿದ್ದ ಜಗನ್ಮೋಹನ ಅರಮನೆಗೆ ಸಾಗಿಸಿದರು. ಹೊಸದು ಮುಗಿದದ್ದು 1912ರಲ್ಲಿ. ಹದಿನೈದು ವರ್ಷ! ನಮ್ಮದು ನಾಲ್ಕೂವರೆ ಅಂತ ಈ ಲೆಕ್ಕ ಹೇಳಿಯೇ ನಾವು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಹಿಂದಿನ ಸಲ ಬೆಂಕಿಗೆ ಹೋದದ್ದು ಮರ ಅಂತ, ಹೊಸದಕ್ಕೆ ಕಲ್ಲು, ಇಟ್ಟಿಗೆ, ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬ.

ನನಗೆ ಹಿಡಿಸಿದ್ದು ಬೇರೆ ಸಂಗತಿ. 1902ರಲ್ಲಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರ ವಹಿಸಿದ ಸಮಾರಂಭ ನಡೆದದ್ದು ಅದೇ ಜಗನ್ಮೋಹನದಲ್ಲಿ, ವೈಸರಾಯ್ ಕರ್ಜನ್ ಎದುರಿಗೆ. ಮನೆ ಮುಗಿಯಲಿ ಆಮೇಲೆ ನೋಡೋಣ ಅನ್ನಲಿಲ್ಲ. ನಾವೋ, ಅಣ್ಣನ ಮಗಳ ನಾಮಕರಣವನ್ನು ಮನೆ ಮುಗಿಯಲಿ ಅಂತ ಮುಂದೂಡುತ್ತ ಹೋಗಿ, ಮಗು ತಾನೇ ತನ್ನ ಹೆಸರು ಹೇಳುವಂತಾಯಿತು.

ನಮ್ಮ ಜಗನ್ಮೋಹನ ಅಂದರೆ ಕೊಟ್ಟಿಗೆ. ಹಸುಗಳನ್ನು ಚಿಕ್ಕಪ್ಪನ ಮನೆಗೆ ಅಟ್ಟಿ, ನೆಲ ಸಾರಿಸಿ, ನಾಲ್ಕು ಮಂಚ ಹಾಕಿದೆವು. ಬಾಡಿಗೆ ಮನೆಯೋ ಕೊಟ್ಟಿಗೆಯೋ, ಏನಾದರೂ ಇರಲಿ. ಒಂದು ಒಲೆ ಮತ್ತು ಒಂದು ಬಚ್ಚಲು ಕೆಲಸದವರ ಕೈಗೆ ಸಿಗದ ಹಾಗೆ ಉಳಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಕಿತ್ತ ಆ ಮೂರು ವಾರ ನಮ್ಮ ಮನೆಯಲ್ಲಿ ಗಂಡ ಹೆಂಡತಿ, ಅತ್ತೆ ಸೊಸೆ, ಅಣ್ಣ ತಮ್ಮ, ಯಾರೂ ಯಾರ ಹತ್ತಿರವೂ ನೆಟ್ಟಗೆ ಮಾತಾಡಿಲ್ಲ.

7. ನಿಮ್ಮ ಪಂಚಾಂಗವಲ್ಲ, ಮೇಸ್ತ್ರಿಯ ಪಂಚಾಂಗ ನೋಡಿ.

ಆಷಾಢ, ಪಿತೃಪಕ್ಷ, ಧನುರ್ಮಾಸ ನಿಮಗೆ ಗೊತ್ತು. ಆ ದಿನಗಳಲ್ಲಿ ಹೊಸ್ತಿಲು ಇಡಲಾರಿರಿ, ಆದರೆ ಗಿಲಾವು, ಪೈಪು, ವೈರಿಂಗು ಮಾಡಿಸಲು ಅಡ್ಡಿಯೇನಿಲ್ಲ. ಆಷಾಢದಲ್ಲಿ ಎಲೆಕ್ಟ್ರಿಷಿಯನ್ ಕರೆದಾಗಲೇ ಸಿಗುತ್ತಾನೆ. ಮೇಸ್ತ್ರಿಯದು ಬೇರೆ ಲೆಕ್ಕ: ಯುಗಾದಿಗೆ ವಾರ, ನಂಜನಗೂಡಿನ ದೊಡ್ಡ ಜಾತ್ರೆಗೆ ಮೂರು ದಿನ, ಮೊದಲ ಮಳೆ ಬಿದ್ದರೆ ಅವರೂ ಬಿತ್ತನೆಗೆ ಹೋಗುವ ರೈತರೇ. ದುಡ್ಡಿನ ಪಂಚಾಂಗ ಮೂರನೆಯದು. ಹತ್ತಿ ಬಿಡಿಸಿ ಮಾರಿದ ಮೇಲೆ, ಹುಣಸೂರು ಪಿರಿಯಾಪಟ್ಟಣದ ಕಡೆಯವರಿಗೆ ಹೊಗೆಸೊಪ್ಪಿನ ಹರಾಜಿನ ದುಡ್ಡು ಬಂದ ಮೇಲೆ. ಮೂರೂ ಕೂಡುವುದು ಸಂಕ್ರಾಂತಿಯಿಂದ ಯುಗಾದಿಯವರೆಗೆ. ಮೋಲ್ಡು, ಪಿಲ್ಲರಿನಂಥ ದೊಡ್ಡ ಕೆಲಸ ಆ ಹೊತ್ತಿಗೆ ಇಟ್ಟುಕೊಳ್ಳಿ.

8. ಶನಿವಾರದ ಬಟವಾಡೆಗೆ ಒಂದೇ ಪುಸ್ತಕ, ಒಂದೇ ಕೈ.

ಮೈಸೂರು ಅರಮನೆಗೆ ಆದ ಖರ್ಚು 41,47,913 ರೂಪಾಯಿ. ಕೊನೆಯ ಆ ಹದಿಮೂರು ರೂಪಾಯಿ ಬಿಡದೆ ಬರೆದವರು ಯಾರೋ, ಅವರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಮೊದಲ ಎರಡು ವರ್ಷ ಅಪ್ಪ ಜೇಬಿಂದ ಕೊಟ್ಟದ್ದು, ಅಣ್ಣ ಫೋನ್‌ಪೇ ಮಾಡಿದ್ದು, ಅಮ್ಮ ಸೆರಗಿನ ಗಂಟಿಂದ ಬಿಚ್ಚಿದ್ದು ಮೂರೂ ಮೂರು ಕಡೆ. ಮೇಸ್ತ್ರಿಗೆ ಒಂದೇ ವಾರದ ಕೂಲಿ ಎರಡು ಸಲ ಹೋದದ್ದು ಗೊತ್ತಾದದ್ದು ಮೇಸ್ತ್ರಿಯೇ ಹೇಳಿದಾಗ. ಅಂಥ ಮೇಸ್ತ್ರಿ ಎಲ್ಲರಿಗೂ ಸಿಗುವುದಿಲ್ಲ.

ಚದರಕ್ಕೆ ಇಷ್ಟು ಅಂತ ಮಾತಾಡಿದರೆ, ಅಂದರೆ ನೂರು ಚದರಡಿಗೆ, ಅದರೊಳಗೆ ಸಂಪು, ಮೆಟ್ಟಿಲು, ಸಜ್ಜಾ, ಸೆಂಟ್ರಿಂಗ್ ಬಂತೋ ಇಲ್ಲವೋ ಮೊದಲೇ ಬರೆಸಿಕೊಳ್ಳಿ. ಅಡ್ವಾನ್ಸು ಕೆಲಸಕ್ಕಿಂತ ಮುಂದೆ ಓಡದಿರಲಿ. ಕೊನೆಯ ಕಂತು ಕೈಯಲ್ಲಿರಲಿ. ಅದಿಲ್ಲದಿದ್ದರೆ ಬಾಗಿಲ ಚಿಲಕ ಸರಿಮಾಡಲು ಯಾರೂ ಬರುವುದಿಲ್ಲ.

9. ಕಂಬಿಯನ್ನು ಎಣಿಸಬೇಡಿ, ತೂಗಿ.

ಮಿಲಿಮೀಟರಿನಲ್ಲಿರುವ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮೀಟರ್ ಉದ್ದದ 8 ಎಂಎಂ ಕಂಬಿ ಸುಮಾರು 4.7 ಕಿಲೋ, 12 ಎಂಎಂ ಸುಮಾರು 10.7 ಕಿಲೋ ತೂಗಬೇಕು. ತೀರಾ ಕಡಿಮೆ ಬಂದರೆ ಲೋಡು ಇಳಿಸಿಕೊಳ್ಳಬೇಡಿ. ಸಿಮೆಂಟು ಮೂಟೆಯ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದು ಬೇಡ.

10. ನೀರು ಹಾಕುವ ಕೆಲಸ ಕೂಲಿಯವರಿಗೆ ಬಿಡಬೇಡಿ.

ಮೋಲ್ಡು ಹಾಕಿದ ಮಾರನೇ ಬೆಳಿಗ್ಗೆ ಅಮ್ಮ ಏಣಿ ಹತ್ತಿದಳು. ಅರವತ್ತೆರಡು ವಯಸ್ಸು, ಸೀರೆ ಸಿಕ್ಕಿಸಿಕೊಂಡು, ತಲೆಯ ಮೇಲೆ ಒಂದು ಬಾಂಡ್ಲಿ ಮಣ್ಣು. ಇಡೀ ಮೋಲ್ಡಿನ ಮೇಲೆ ಗದ್ದೆಗೆ ಹಾಕುವ ಹಾಗೆ ಬದು ಹಾಕಿ ಮಡಿ ಮಾಡಿದಳು. ಆಮೇಲೆ ಕರೆಂಟು ಯಾವಾಗ ಬಂದರೆ ಆವಾಗ, ನಡುರಾತ್ರಿಯಾದರೂ ಎದ್ದು ಮೋಟರ್ ಹಾಕಿ ಪೈಪು ಹಿಡಿದು ನಿಂತಳು. ಮೇಸ್ತ್ರಿ ಕೆಳಗಿನಿಂದ ಕೂಗಿದರು: "ಅಕ್ಕಾ, ನಾಟಿ ಯಾವತ್ತು?" ಅಮ್ಮ ಮೇಲಿಂದ: "ನೀ ಸೆಂಟ್ರಿಂಗ್ ಬಿಚ್ಚುದ್ ದಿನ ಕುಯ್ಲು ಕಣಪ್ಪಾ."

ಮಾಮೂಲಿ ಓಪಿಸಿ ಸಿಮೆಂಟಿಗೆ ಕನಿಷ್ಠ ಏಳು ದಿನ, ಈಗ ಹೆಚ್ಚಾಗಿ ಸಿಗುವ ಪಿಪಿಸಿಗೆ, ಅದೂ ಬಿಸಿಲಲ್ಲಿ, ಹತ್ತು ದಿನ ತೇವ ಆರಬಾರದು. ಮೋಲ್ಡಿನ ಕೆಳಗಿನ ಆಸರೆ ನಾಲ್ಕೂವರೆ ಮೀಟರಿನ ತನಕದ ಅಗಲಕ್ಕೆ ಏಳು ದಿನ, ಅದಕ್ಕೂ ಹೆಚ್ಚಿದ್ದರೆ ಹದಿನಾಲ್ಕು ದಿನವಾದರೂ ಇರಬೇಕು; ಇದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವ ಕನಿಷ್ಠ, ಪಿಪಿಸಿ ಆದರೆ ಇನ್ನಷ್ಟು ದಿನ. ಸೆಂಟ್ರಿಂಗ್ ಹಲಗೆ ಇನ್ನೊಂದು ಸೈಟಿಗೆ ಬೇಕು ಅನ್ನುವುದು ನಿಮ್ಮ ತಲೆನೋವಲ್ಲ.

11. ಗಿಲಾವಿಗೆ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ, ಟೇಪು ಹಿಡಿದು.

ಪೈಪು, ವೈರು ಎಲ್ಲೆಲ್ಲಿ ಹೋಗಿದೆ ಅಂತ. ನಾವು ತೆಗೆಯಲಿಲ್ಲ. ದೇವರ ಪಟಕ್ಕೆ ಹೊಡೆದ ಮೊದಲ ಮೊಳೆಗೇ ಗೋಡೆಯಿಂದ ಗಂಗೆ ಹರಿದಳು.

12. ಮನೆಯ ಹಿರಿಯರ ಮೊಣಕಾಲು ಕೇಳಿ ನಕ್ಷೆ ಮಾಡಿ.

ಬಚ್ಚಲಿಗೆ ಹಿಡಿಕೆ, ನುಣುಪಿಲ್ಲದ ಟೈಲ್ಸ್, ಕೂರುವ ಕಮೋಡು, ಹೊಸ್ತಿಲು ಗಿಡ್ಡ. ಜಗಲಿ ಒಡೆದು ರೂಮು ಮಾಡೋಣ ಅಂತ ಅಣ್ಣ ಹೊರಟಾಗ ಅಪ್ಪ ಏನೂ ಅನ್ನಲಿಲ್ಲ, ಸುಮ್ಮನೆ ಹೋಗಿ ಜಗಲಿ ಮೇಲೆ ಕೂತರು. ಮಧ್ಯಾಹ್ನದ ಊಟವೂ ಅಲ್ಲೇ. ಮಾನಂದವಾಡಿ ರಸ್ತೆಯ ಬಸ್ಸು ಎಣಿಸುವುದು ಅವರ ಕೆಲಸ. ಜಗಲಿ ಉಳಿಯಿತು.

13. ಹಾಲು ಉಕ್ಕಿಸುವ ದಿನ ಗೊತ್ತುಮಾಡಿ, ನೆಂಟರಿಗೆ ಹೇಳಿಬಿಡಿ.

ಕೆಲಸ ಮುಗಿದ ಮೇಲೆ ದಿನ ನೋಡಿಸೋಣ ಅಂದರೆ ಕೆಲಸ ಮುಗಿಯುವುದಿಲ್ಲ. ಹೊಸ ಗಿಲಾವು ಪೇಂಟಿಗೆ ಮೊದಲು ನಾಲ್ಕು ವಾರ ಆರಬೇಕು ಅನ್ನುವುದೊಂದು ಲೆಕ್ಕದಲ್ಲಿರಲಿ, ಉಳಿದದ್ದಕ್ಕೆಲ್ಲ ದಿನವೇ ಯಜಮಾನ. ಕಾರ್ಡು ಹಂಚಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಹೊಸ ಐಡಿಯಾ ಹೇಳಲಿಲ್ಲ. ಹಿಂದಿನ ರಾತ್ರಿ ಹನ್ನೊಂದಕ್ಕೆ ಟೈಲ್ಸ್ ಹುಡುಗ ಅಡುಗೆಮನೆಯ ಕೊನೆಯ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಿದ್ದ, ಅತ್ತಿಗೆ ಅವನ ಹಿಂದೆಯೇ ಒರೆಸುತ್ತಿದ್ದರು. ಬೆಳಿಗ್ಗೆ ಹಾಲು ಪೂರ್ವಕ್ಕೆ ಉಕ್ಕಿತು. ಹಿತ್ತಿಲ ಬಾಗಿಲಿಗೆ ಬಣ್ಣ ಇರಲಿಲ್ಲ. ಯಾರಿಗೂ ಕಾಣಲಿಲ್ಲ.

14. ಉಳಿದ ಟೈಲ್ಸ್ ಒಂದು ಡಬ್ಬ ಇಟ್ಟುಕೊಳ್ಳಿ, ಉಳಿದ ಸಿಮೆಂಟು ಅವತ್ತೇ ಯಾರಿಗಾದರೂ ಕೊಟ್ಟುಬಿಡಿ.

ನಮ್ಮಲ್ಲಿ ಒಂದು ಮೂಟೆ ಉಳಿದಿತ್ತು. "ಇರ್ಲಿ ಬುಡಿ, ತುಳಸಿಕಟ್ಟೆಗಾಯ್ತದೆ" ಅಂತ ಅಮ್ಮ ಅದನ್ನು ಹಿತ್ತಿಲ ಸಜ್ಜಾದ ಕೆಳಗೆ ನಿಲ್ಲಿಸಿದಳು. ಆ ವರ್ಷದ ಮುಂಗಾರು ಇರಚಲು ಹೊಡೆದು ಮೂಟೆ ಮೂಟೆಯ ಆಕಾರದಲ್ಲೇ ಕಲ್ಲಾಯಿತು. ಚೀಲ ಸುಲಿದು ಮಗ್ಗುಲಿಗೆ ಉರುಳಿಸಿದ್ದಾಳೆ. ಈಗ ಅದರ ಮೇಲೆ ಕಾಲು ತೊಳೆಯುತ್ತಾಳೆ, ಅಪ್ಪನ ಪಂಚೆ ಒಗೆಯುತ್ತಾಳೆ. ಮೊನ್ನೆ ಮೇಸ್ತ್ರಿ ಚಿಲಕ ಸರಿಮಾಡಲು ಬಂದವರು ಅದನ್ನು ನೋಡಿ, "ಅಕ್ಕಾ, ಇದ್ಕೊಂದು ಕಟ್ಟೆ ಕಟ್ಟಿ ನೀರು ಹೋಗಂಗ್ ಮಾಡವಾ?" ಅಂದರು. ಅತ್ತಿಗೆ ಒಳಗಿನಿಂದಲೇ ಕೂಗಿದರು: "ಮೇಸ್ತ್ರೀ, ಕಾಫಿ ಕುಡುದ್ರಾ? ಬಸ್ಸು ಬರೋ ಹೊತ್ತಾಯ್ತು."